ಫೇಲಾದ ಬೋರ್‌ವೆಲ್‌ನಲ್ಲಿ ಕಾಸ್ಮಿಕ್ ರೇ ಸ್ಪೆಕ್ಟ್ರಮ್: ಕೋಲಾರ ಜಿಲ್ಲೆಯ ಒಂದು ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ಡಿಗ್ರಿ ಕಾಲೇಜಿನ ಬಿಎಸ್ಸಿ ಮಕ್ಕಳು ಮಾಡಿದ ಪ್ರಾಜೆಕ್ಟಿನ ಕಥೆ. ಕಾಲೇಜು ಯಾವ್ದು, ಯಾವ ವರ್ಷದ ಬ್ಯಾಚು ಅಂತ ಬರೆಯಲ್ಲ, ಮಕ್ಕಳು ಹೆಸರು ಬೇಡ ಅಂದಿದ್ದಾರೆ, ಬೋರ್‌ವೆಲ್ ಕೊಟ್ಟ ರೈತರೂ ಹಂಗೇ ಕೇಳ್ಕೊಂಡ್ರು. ನಾನು ಹೊರಗಿಂದ ಸಲಹೆ ಕೊಡ್ತಿದ್ದವನು, ಅವರ ನೋಟ್‌ಬುಕ್ಕು, ಡೇಟಾ ಫೈಲು ಎಲ್ಲಾ ಪಕ್ಕದಲ್ಲಿ ಕೂತು ನೋಡಿದ್ದೀನಿ. ಡಿಟೆಕ್ಟರ್ ಕಟ್ಟೋದು ಹೆಂಗೆ ಅಂತ ಹೇಳೋ ಬರಹ ಬೇಕಾದಷ್ಟಿದೆ, ಡಿಟೆಕ್ಟರ್ ಕೊಟ್ಟ ಸಂಖ್ಯೆಯನ್ನ ಯಾವಾಗ ನಂಬಬೇಕು ಅನ್ನೋದರ ಬಗ್ಗೆ ಕನ್ನಡದಲ್ಲಿ ಬರೆದಿದ್ದು ನನಗೆ ಕಾಣಿಸಿದ್ದು ಕಮ್ಮಿ, ಅದಕ್ಕೇ ಇದನ್ನ ಪೂರ್ತಿಯಾಗಿ ಬರೀತಿದ್ದೀನಿ.

ಮೊದಲು ವಿಷಯ, ಕಾಸ್ಮಿಕ್ ರೇ, ಅಂದ್ರೆ ಬಾಹ್ಯಾಕಾಶದಿಂದ ಭೂಮಿಗೆ ಬಂದು ಬಡಿಯೋ ಕಣಗಳು. 1912ರ ಆಗಸ್ಟ್‌ನಲ್ಲಿ ವಿಕ್ಟರ್ ಹೆಸ್ ಬಲೂನಲ್ಲಿ 5 ಕಿಲೋಮೀಟರಿಗಿಂತ ಮೇಲೆ ಹೋಗಿ ನೋಡಿದಾಗ ವಿಕಿರಣ ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿತ್ತು, ಅಂದ್ರೆ ಅದು ನೆಲದಿಂದ ಬರ್ತಿರೋದಲ್ಲ, ಮೇಲಿಂದ ಬರ್ತಿದೆ. ಅದಾಗಿ ನೂರು ವರ್ಷ ದಾಟಿದ್ರೂ ಇವು ಎಲ್ಲಿಂದ ಬರ್ತವೆ ಅನ್ನೋ ಪ್ರಶ್ನೆ ಪೂರ್ತಿ ಮುಗಿದಿಲ್ಲ. ಕಾರಣ ಸರಳ, ಇವು ಬಹುಪಾಲು ಪ್ರೋಟಾನುಗಳು, ಚಾರ್ಜ್ ಇರೋ ಕಣಗಳು, ಗ್ಯಾಲಕ್ಸಿಯ ಮ್ಯಾಗ್ನೆಟಿಕ್ ಫೀಲ್ಡ್‌ನಲ್ಲಿ ಸುತ್ತಿ ಸುತ್ತಿ ಬರೋ ಹೊತ್ತಿಗೆ ಹೊರಟ ದಿಕ್ಕೇ ಮರೆತುಹೋಗಿರುತ್ತೆ, ನಮ್ಮ ಕಡೆಗೆ ಯಾವ ದಿಕ್ಕಿಂದ ಬಂತು ಅಂತ ನೋಡಿದ್ರೆ ಮೂಲ ಗೊತ್ತಾಗಲ್ಲ. ಹಂಗಾಗಿ ಕೈಗೆ ಸಿಗೋ ದೊಡ್ಡ ಸುಳಿವು ಅಂದ್ರೆ ಎನರ್ಜಿ ಸ್ಪೆಕ್ಟ್ರಮ್, ಅಂದ್ರೆ ಯಾವ ಎನರ್ಜಿಯ ಕಣ ಎಷ್ಟು ಬರ್ತಿವೆ ಅನ್ನೋ ಲೆಕ್ಕ. ಅದನ್ನ ಲಾಗ್ ಸ್ಕೇಲ್ ಗ್ರಾಫಲ್ಲಿ ಹಾಕಿದ್ರೆ ಹೆಚ್ಚುಕಮ್ಮಿ ನೇರ ಗೆರೆ, ಇಳಿಜಾರು ಸುಮಾರು 2.7. ಅಂದ್ರೆ ಎನರ್ಜಿ ಹತ್ತು ಪಟ್ಟು ಆದ್ರೆ ಕಣಗಳು ಸುಮಾರು ಐನೂರು ಪಟ್ಟು ಕಮ್ಮಿ. ಸುಮಾರು 3 ಪೆಟಾ ಎಲೆಕ್ಟ್ರಾನ್‌ವೋಲ್ಟ್ ಹತ್ರ, ಎಲೆಕ್ಟ್ರಾನ್‌ವೋಲ್ಟ್ ಅನ್ನೋದು ಕಣಗಳ ಎನರ್ಜಿ ಅಳೆಯೋ ಮಾನ, ಇಲ್ಲಿ 3ರ ಮುಂದೆ 15 ಸೊನ್ನೆ, ಆ ಗೆರೆ ಮಂಡಿ ಮಡಚಿದ ಹಾಗೆ ಬಾಗಿ ಇನ್ನೂ ಕಡಿದಾಗುತ್ತೆ, ಅದನ್ನ 'ನೀ' (ಇಂಗ್ಲಿಷಲ್ಲಿ knee, ಮಂಡಿ) ಅಂತಾನೇ ಕರೀತಾರೆ, 1958ರಲ್ಲಿ ರಷ್ಯಾದ ಕುಲಿಕೋವ್ ಮತ್ತು ಕ್ರಿಸ್ಟಿಯಾನ್ಸನ್ ಕಂಡುಹಿಡಿದಿದ್ದು. ಅದಕ್ಕಿಂತ ಸಾವಿರ ಪಟ್ಟಿಗೂ ಮೇಲೆ ಹೋದ್ರೆ ಮತ್ತೊಂದು ಕಡೆ ಇಳಿಜಾರು ಸ್ವಲ್ಪ ಕಮ್ಮಿಯಾಗುತ್ತೆ. ಸೂಪರ್‌ನೋವಾ ಸಿಡಿದಾಗ ಹೊರಡೋ ಆಘಾತದ ಅಲೆ ಕಣಗಳನ್ನ ಹಿಂದೆ ಮುಂದೆ ದಾಟಿಸಿ ದಾಟಿಸಿ ಎನರ್ಜಿ ಏರಿಸುತ್ತೆ ಅಂತ ಲೆಕ್ಕ ಹಾಕಿದ್ರೆ ಮೂಲದಲ್ಲಿ ಇಳಿಜಾರು 2ರ ಆಸುಪಾಸು ಬರುತ್ತೆ, ಜಾಸ್ತಿ ಎನರ್ಜಿಯವು ಗ್ಯಾಲಕ್ಸಿಯಿಂದ ಬೇಗ ತಪ್ಪಿಸ್ಕೊಂಡು ಹೋಗೋದ್ರಿಂದ ನಮ್ಮ ಹತ್ರ ಅದು 2.7 ಕಡೆ ಬಾಗುತ್ತೆ. 'ನೀ' ಹತ್ರ ಬಾಗೋದು ಗ್ಯಾಲಕ್ಸಿಯೊಳಗಿನ ಇಂಥ ನೈಸರ್ಗಿಕ ಯಂತ್ರಗಳ ಶಕ್ತಿ ಮುಗಿಯೋ ಜಾಗ ಅಂತ ಬಹಳ ಜನ ನಂಬ್ತಾರೆ. ಗೆರೆಯ ಒಂದೊಂದು ಬಾಗೂ ಮೂಲದ ಬಗ್ಗೆ ಏನೋ ಹೇಳ್ತಿರುತ್ತೆ, ಊಟಿಯ ಗ್ರೇಪ್ಸ್-3 ಪ್ರಯೋಗದವರು 2024ರಲ್ಲಿ ಪ್ರೋಟಾನ್ ಸ್ಪೆಕ್ಟ್ರಮ್ 166 ಟೆರಾ (ಟೆರಾ ಅಂದ್ರೆ ಲಕ್ಷ ಕೋಟಿ) ಎಲೆಕ್ಟ್ರಾನ್‌ವೋಲ್ಟ್ ಹತ್ರ ಸ್ವಲ್ಪ ಚಪ್ಪಟೆ ಆಗುತ್ತೆ ಅಂತ ತೋರಿಸಿದಾಗ ಅಷ್ಟು ಸುದ್ದಿ ಆಗಿದ್ದು ಇದಕ್ಕೇ.

ಈ ಗುಂಪಿಗೆ ಆಸೆ ಹುಟ್ಟಿದ್ದು ಆ ಸುದ್ದಿ ಓದಿ. ನಾಲ್ಕು ಮಕ್ಕಳು, ಒಬ್ಬರು ಫಿಸಿಕ್ಸ್ ಮೇಡಂ. ಪ್ಲಾಸ್ಟಿಕ್ ಸಿಂಟಿಲೇಟರ್ ತುಂಡು, 5 ಸೆಂಟಿಮೀಟರ್ ಚೌಕ, 1 ಸೆಂಟಿಮೀಟರ್ ದಪ್ಪ, ಅದಕ್ಕೆ ಅಂಟಿಸಿದ, ಬೆಳಕನ್ನ ವಿದ್ಯುತ್ ಸಿಗ್ನಲ್ ಮಾಡೋ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್, ಸಿಗ್ನಲ್ ಓದೋಕೆ ಒಂದು ಆರ್ಡುಯಿನೋ ಬೋರ್ಡ್, ಎಸ್‌ಡಿ ಕಾರ್ಡ್. ಕಣ ಹಾದುಹೋದ್ರೆ ಪ್ಲಾಸ್ಟಿಕ್ ಮಿಣುಕುತ್ತೆ, ಆ ಮಿಣುಕು ಎಷ್ಟು ದೊಡ್ಡದು ಅಂತ ರೆಕಾರ್ಡ್ ಆಗುತ್ತೆ. ಕೆಲವು ವಾರ ಲ್ಯಾಬಲ್ಲಿ ಓಡಿಸಿ, ಸಿಗ್ನಲ್ ದೊಡ್ಡದಾದಷ್ಟೂ ಎಷ್ಟು ಕೌಂಟ್ ಅಂತ ಹಿಸ್ಟೋಗ್ರಾಮ್ ಹಾಕಿ, ಲಾಗ್ ಗ್ರಾಫಲ್ಲಿ ನಡುವಿನ ಭಾಗಕ್ಕೆ ಗೆರೆ ಎಳೆದ್ರು. ಇಳಿಜಾರು 2.7 ಹತ್ರ ಬಂತು. ಆ ದಿನ ಲ್ಯಾಬಲ್ಲಿ ಹಬ್ಬ. ಅಂತರ ಕಾಲೇಜು ವಿಜ್ಞಾನ ಮೇಳಕ್ಕೆ ಪೋಸ್ಟರ್ ರೆಡಿ ಆಯ್ತು, ತಲೆಬರಹ ವಿಶ್ವಕಿರಣಗಳ ಶಕ್ತಿ ರೋಹಿತ ಅಂತ.

ಮೇಡಂ ಪೋಸ್ಟರ್ ನೋಡಿ ಬೈಲಿಲ್ಲ, ಹೊಗಳಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದ್ರು, 5 ಗಿಗಾ (ಗಿಗಾ ಅಂದ್ರೆ ನೂರು ಕೋಟಿ) ಎಲೆಕ್ಟ್ರಾನ್‌ವೋಲ್ಟ್ ಎನರ್ಜಿಯ ಮ್ಯೂವಾನ್, ಅಂದ್ರೆ ಕಾಸ್ಮಿಕ್ ರೇ ಗಾಳಿಗೆ ಬಡಿದಾಗ ಹುಟ್ಟಿ ನೆಲಕ್ಕೆ ತಲುಪೋ ಕಣ, ನಿಮ್ಮ ಪ್ಲಾಸ್ಟಿಕ್ಕಲ್ಲಿ ಎಷ್ಟು ಎನರ್ಜಿ ಬಿಟ್ಟು ಹೋಗುತ್ತೆ, 50ರದ್ದು ಎಷ್ಟು ಬಿಟ್ಟು ಹೋಗುತ್ತೆ. ಲೆಕ್ಕ ಹಾಕಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ, ಸುಮಾರು 2 ಮೆಗಾ, ಅಂದ್ರೆ 20 ಲಕ್ಷ ಎಲೆಕ್ಟ್ರಾನ್‌ವೋಲ್ಟ್. ನೆಲದ ಹತ್ರ ನಮಗೆ ಸಿಗೋದು ಮೂಲ ಪ್ರೋಟಾನ್ ಅಲ್ಲ, ಅದು ಮೇಲೆ ಗಾಳಿಗೆ ಬಡಿದು ಪಯಾನ್ ಅನ್ನೋ ಅಲ್ಪಾಯುಷಿ ಕಣ ಹುಟ್ಟಿ, ಪಯಾನ್ ಒಡೆದು ಬಂದ ಮ್ಯೂವಾನ್, ಅದಕ್ಕೆ ಸರಾಸರಿ 4 ಗಿಗಾ ಎನರ್ಜಿ, ಅದರಲ್ಲಿ ಸಾವಿರದ ಒಂದು ಪಾಲಿಗಿಂತಲೂ ಕಮ್ಮಿ ಬಿಟ್ಟು ಆ ಕಡೆ ಹೊರಟೋಗುತ್ತೆ. ಹಂಗಾದ್ರೆ ಸಿಗ್ನಲ್ ಚಿಕ್ಕದು ದೊಡ್ಡದು ಆಗೋದು ಯಾಕೆ? ಕಣ ಓರೆಯಾಗಿ ಹೋದ್ರೆ ಪ್ಲಾಸ್ಟಿಕ್ಕಲ್ಲಿ ದಾರಿ ಉದ್ದ, ಮೂಲೆ ತಾಗಿದ್ರೆ ಗಿಡ್ಡ, ನೇರ ಹೋದಾಗಲೂ ಡಿಕ್ಕಿಗಳ ಏರುಪೇರಿಂದ ಉದ್ದ ಬಾಲ ಇರೋ ಹಂಚಿಕೆ ಬರುತ್ತೆ. ಅವರು ಗೆರೆ ಎಳೆದಿದ್ದು ಆ ಬಾಲಕ್ಕೆ. ಎಲ್ಲಿಂದ ಎಲ್ಲೀವರೆಗೆ ಗೆರೆ ಎಳೀಬೇಕು ಅಂತ ಆರಿಸೋ ಸ್ವಾತಂತ್ರ್ಯ ಇದ್ರೆ ಅಂಥ ಬಾಲದಲ್ಲಿ 2 ಬೇಕಾದ್ರೂ ಸಿಗುತ್ತೆ, 3 ಬೇಕಾದ್ರೂ ಸಿಗುತ್ತೆ. 2.7 ಬರ್ಬೇಕು ಅಂತ ಮೊದಲೇ ಗೊತ್ತಿತ್ತು, ಅದು ಬಂದ ತಕ್ಷಣ ಎಳೆಯೋದು ನಿಲ್ಲಿಸಿದ್ರು. ಇದರಲ್ಲಿ ಮೋಸ ಏನೂ ಇಲ್ಲ, ಪ್ರಾಮಾಣಿಕ ಮಕ್ಕಳೇ, ಆದ್ರೆ ಉತ್ತರ ಗೊತ್ತಿರೋ ಪ್ರಯೋಗದಲ್ಲಿ ಎಲ್ಲರೂ ಬೀಳೋ ಹಳ್ಳ ಇದೇ ಅನ್ನೋದು ನನ್ನ ಅಭಿಪ್ರಾಯ.

ಮೇಳಕ್ಕೆ ದಿನ ಹತ್ರ ಇತ್ತು. ಗುಂಪಲ್ಲಿ ಇಬ್ಬರು ಪೋಸ್ಟರ್ ಹಂಗೇ ಕೊಡೋಣ, ತಲೆಬರಹ ಮಾತ್ರ ಬದಲಾಯಿಸೋಣ ಅಂದ್ರು, ಇನ್ನಿಬ್ಬರು ಬೇಡ ಅಂದ್ರು. ಒಂದು ಸಂಜೆ ಪೂರ್ತಿ ಜಗಳ ಆಗಿ ಕೊನೆಗೆ ಆ ವರ್ಷ ಮೇಳಕ್ಕೆ ಹೋಗೋದೇ ಬೇಡ ಅಂತ ತೀರ್ಮಾನ ಆಯ್ತು. ಇದು ದೊಡ್ಡ ತೀರ್ಮಾನ. ಸರ್ಟಿಫಿಕೇಟು ಬಯೋಡೇಟಾಗೆ ಬೇಕಾಗುತ್ತೆ, ಮನೇಲಿ ಕೇಳ್ತಾರೆ, ಬಿಟ್ಟುಕೊಡೋದು ಸುಲಭ ಇರ್ಲಿಲ್ಲ.

ಆಮೇಲೆ ಪ್ರಶ್ನೆ, ಡಿಟೆಕ್ಟರ್ ಎನರ್ಜಿ ಹೇಳಲ್ಲ ಅಂದ್ರೆ ಎನರ್ಜಿ ಅಳೆಯೋದು ಹೆಂಗೆ. ಇಲ್ಲಿ ತಿರುವು ಕೊಟ್ಟಿದ್ದು ಕೆಜಿಎಫ್‌ನಿಂದ ಬಸ್ಸಲ್ಲಿ ಬರ್ತಿದ್ದ ಹುಡುಗಿ. ಅವಳ ತಾತ ಗಣೀಲಿ ಕೆಲಸ ಮಾಡಿದ್ದವರು, ಕೆಳಗೆ ವಿಜ್ಞಾನಿಗಳು ಬೇರೆ ಬೇರೆ ಆಳದಲ್ಲಿ ಕೌಂಟರ್ ಇಟ್ಟಿದ್ರು ಅಂತ ಮನೇಲಿ ಕೇಳಿದ್ದಳು. ಬೇರೆ ಬೇರೆ ಆಳ ಯಾಕೆ ಬೇಕಿತ್ತು ಸರ್ ಅಂತ ಕೇಳಿದ್ಳು, ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಮ್ಯೂವಾನ್ ಕಲ್ಲಲ್ಲಿ ಹೋಗ್ತಾ ಪ್ರತಿ ಮೀಟರಿಗೆ ಸುಮಾರು ಅರ್ಧ ಗಿಗಾ ಎನರ್ಜಿ ಕಳ್ಕೊಳ್ಳುತ್ತೆ, ಅಂದ್ರೆ 10 ಮೀಟರ್ ಕಲ್ಲು ದಾಟಿ ಬಂತು ಅಂದ್ರೆ ಅದಕ್ಕೆ ಮೇಲೆ ಕಮ್ಮಿ ಅಂದ್ರೂ 5 ಗಿಗಾ ಇತ್ತು. ಕಲ್ಲು ಇಲ್ಲಿ ರಾಗಿ ಜರಡಿ ಇದ್ದ ಹಾಗೆ, ಆಳ ಬದಲಾಯಿಸಿದ್ರೆ ಜರಡಿ ಬದಲಾಯಿಸಿದ ಹಾಗೆ, ಡಿಟೆಕ್ಟರ್ ಬರೀ ಎಣಿಸಿದ್ರೆ ಸಾಕು.

ಕೆಜಿಎಫ್‌ನಲ್ಲಿ ಆಗಿದ್ದು ನಿಜವಾಗ್ಲೂ ಇದೇ. 1950ರ ದಶಕದ ಶುರುವಲ್ಲಿ ಹೋಮಿ ಭಾಭಾ ಹೇಳಿ ಬಿ.ವಿ. ಶ್ರೀಕಂಠನ್ ಗಣಿಗೆ ಇಳಿದ್ರು, ನಮ್ಮ ಮೈಸೂರು ಸೀಮೆಯವರು, ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದ್ರೆ ಟಿಐಎಫ್‌ಆರ್ ಡೈರೆಕ್ಟರ್ ಆದವರು. ಮಟ್ಟದಿಂದ ಮಟ್ಟಕ್ಕೆ ಇಳೀತಾ ಮ್ಯೂವಾನ್ ಎಣಿಸಿ, ಅದರಿಂದ ಮ್ಯೂವಾನ್ ಎನರ್ಜಿ ಸ್ಪೆಕ್ಟ್ರಮ್ ತೆಗೆದ್ರು, ಅದರಿಂದ ಮೂಲ ಕಿರಣದ ಬಗ್ಗೆ ಹೇಳೋಕಾಯ್ತು. 1960ರ ದಶಕದಲ್ಲಿ ಗಣಿಯ ಅತಿ ಆಳದಲ್ಲಿ, 2700 ಮೀಟರಿಗಿಂತ ಕೆಳಗೆ, ಸುಮಾರು ಎರಡು ತಿಂಗಳು ಕೌಂಟರ್ ಇಟ್ರೂ ಒಂದೂ ಮ್ಯೂವಾನ್ ಸಿಗ್ಲಿಲ್ಲ. ಅಲ್ಲಿ ಅಷ್ಟು ಮೌನ ಇದೆ ಅಂದ್ಮೇಲೆ ಎಷ್ಟು ಕಲ್ಲಿದ್ರೂ ತೂರಿಹೋಗೋ ನ್ಯೂಟ್ರಿನೋ ಕಣ ಹುಡುಕಬಹುದು ಅಂತ ಹೊಳೆದು, 1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿ ಚಾಂಪಿಯನ್ ರೀಫ್ ಗಣೀಲಿ ವಾತಾವರಣದ ನ್ಯೂಟ್ರಿನೋ ಗುರುತಿಸಿದ್ರು, ಜಗತ್ತಲ್ಲೇ ಮೊದಲ ಸಾಲಿನ ಕೆಲಸ ಅದು. ನಮ್ಮ ಜಿಲ್ಲೆಯ ಮಕ್ಕಳು ಸಿನಿಮಾ ಹೆಸರಾಗಿ ಮಾತ್ರ ಕೆಜಿಎಫ್ ಗೊತ್ತು ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಗಣಿ 2001ರಲ್ಲಿ ಮುಚ್ಚಿದೆ, ಒಳಗೆ ನೀರು ತುಂಬಿದೆ, ಇಳಿಯೋ ಮಾತೇ ಇಲ್ಲ. ಹಂಗಾಗಿ ಹುಡುಗರು ಹೋಗಿದ್ದು ಅಂತರಗಂಗೆ ಬೆಟ್ಟಕ್ಕೆ. ಅಲ್ಲಿ ದೊಡ್ಡ ದೊಡ್ಡ ಬಂಡೆ ಒಂದರ ಮೇಲೊಂದು ಬಿದ್ದು ಆದ ಗುಹೆಗಳಿವೆ, ತಲೆ ಮೇಲೆ ಹಲವು ಮೀಟರ್ ಕಲ್ಲು ಸಿಗುತ್ತೆ. ಡಿಟೆಕ್ಟರ್ ಒಳಗಿಟ್ಟು ಕೌಂಟ್ ನೋಡಿದ್ರೆ, ಕಮ್ಮಿ ಆಗೋ ಬದಲು ಜಾಸ್ತಿ ಆಯ್ತು. ಹೊರಗಿಗಿಂತ ಒಳಗೆ ಜಾಸ್ತಿ! ಮೊದಲು ವೈರ್ ಲೂಸ್ ಅಂದ್ಕೊಂಡ್ರು, ಸೋಲ್ಡರ್ ಮಾಡಿ ಮತ್ತೆ ಇಟ್ರು, ಮತ್ತೆ ಹಂಗೇ.

ಈ ಇಡೀ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ಘಟ್ಟ ಇದು, ಯಾಕಂದ್ರೆ ಇಷ್ಟು ದಿನ ಲ್ಯಾಬಲ್ಲಿ ಎಣಿಸ್ತಿದ್ದಿದ್ದು ಏನು ಅಂತ ಬಂಡೆ ತೋರಿಸಿಕೊಟ್ತು. ನಮ್ಮ ಕಡೆ ಗ್ರಾನೈಟಲ್ಲಿ ಪೊಟ್ಯಾಸಿಯಂ-40, ಥೋರಿಯಂ, ಯುರೇನಿಯಂ ಸ್ವಲ್ಪ ಸ್ವಲ್ಪ ಇರುತ್ತೆ, ಗಾಮಾ ಕಿರಣ ಬರ್ತಾನೇ ಇರುತ್ತೆ. ಗುಹೆಯೊಳಗೆ ಸುತ್ತ ನಾಲ್ಕು ಕಡೆ, ಮೇಲೆ ಕೆಳಗೆ ಎಲ್ಲಾ ಕಲ್ಲು, ಹಂಗಾಗಿ ಗಾಮಾ ಏರಿತು, ಮ್ಯೂವಾನ್ ಇಳಿದಿದ್ದು ಅದರಲ್ಲಿ ಮುಚ್ಚಿಹೋಯ್ತು. ಅಂದ್ರೆ ಒಂಟಿ ಡಿಟೆಕ್ಟರಿನ ಕೌಂಟಲ್ಲಿ ದೊಡ್ಡ ಪಾಲು ಆಕಾಶದ್ದೇ ಅಲ್ಲ, ನೆಲದ್ದು. ಹೆಸ್ ಬಲೂನ್ ಹತ್ತಿದ್ದು ಇದೇ ನೆಲದ ವಿಕಿರಣದಿಂದ ದೂರ ಹೋಗೋಕೆ ಅಲ್ವಾ ಅಂತ ಒಬ್ಬ ಹುಡುಗ ಅಂದ, ಅವತ್ತು ಪುಸ್ತಕದ ಸಾಲು ಅವನಿಗೆ ತನ್ನದಾಯ್ತು.

ಪರಿಹಾರ ಹಳೇದು. ಎರಡು ಡಿಟೆಕ್ಟರ್ ಒಂದರ ಮೇಲೊಂದು ಇಟ್ಟು, ಎರಡೂ ಒಂದೇ ಕ್ಷಣಕ್ಕೆ ಮಿಣುಕಿದ್ರೆ ಮಾತ್ರ ಎಣಿಸೋದು. ಮ್ಯೂವಾನ್ ಎರಡನ್ನೂ ತೂರಿಕೊಂಡು ಹೋಗುತ್ತೆ, ಗಾಮಾ ಸಾಮಾನ್ಯವಾಗಿ ಒಂದರಲ್ಲೇ ಮುಗಿಯುತ್ತೆ. ಆಕಸ್ಮಿಕವಾಗಿ ಎರಡು ಬೇರೆ ಗಾಮಾ ಒಂದೇ ಹೊತ್ತಿಗೆ ಬಡಿಯೋದು ಎಷ್ಟು ಸಲ ಅಂತಾನೂ ಲೆಕ್ಕ ಹಾಕಿ ಕಳೀಬೇಕು, ಎರಡೂ ಕೌಂಟ್ ರೇಟು ಮತ್ತೆ ಒಂದೇ ಕ್ಷಣ ಅಂತ ಒಪ್ಪೋ ಸಮಯದ ಕಿಟಕಿಯ ಗುಣಲಬ್ಧದ ಎರಡರಷ್ಟು. ಹಿಂಗೆ ಮಾಡಿದ್ಮೇಲೆ ಕೌಂಟ್ ಬಹಳ ಬಿತ್ತು, ನಿಮಿಷಕ್ಕೆ ಕೆಲವೇ, ಆದ್ರೆ ಗುಹೆಯೊಳಗೆ ಹೊರಗಿಗಿಂತ ನಿಜವಾಗ್ಲೂ ಕಮ್ಮಿ ಆಯ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು, ಆದ್ರೆ ಎರಡು ತೊಂದರೆ ಉಳಿದಿತ್ತು. ಒಂದು, ಬಂಡೆ ದಪ್ಪ ಗೊತ್ತಾಗಲ್ಲ. ಲೇಸರ್ ಟೇಪು, ಫೋನಿನ ಕೋನ ಅಳೆಯೋ ಆ್ಯಪ್ ಎಲ್ಲಾ ಹಿಡಿದು ಒದ್ದಾಡಿದ್ರು, ಬಂಡೆ ಮಧ್ಯೆ ಸಂದು, ಒಂದು ಕಡೆ ಇಷ್ಟು ದಪ್ಪ ಇನ್ನೊಂದು ಕಡೆ ಅಷ್ಟು, ಕೌಂಟಿನ ತಪ್ಪಿಗಿಂತ ದಪ್ಪದ ತಪ್ಪೇ ದೊಡ್ಡದು. ಎರಡು, ಹಗಲು ರಾತ್ರಿ ಕೌಂಟ್ ಬೇರೆ ಬೇರೆ ಬರ್ತಿತ್ತು, ಮಧ್ಯಾಹ್ನ ಕಮ್ಮಿ, ಬೆಳಗಿನ ಜಾವ ಜಾಸ್ತಿ. ಸೂರ್ಯನ ಪ್ರಭಾವ ಇರಬಹುದು ಅಂತ ಖುಷಿಯಲ್ಲಿ ಒಂದು ಪುಟ ಬರೆದೂ ಬಿಟ್ಟಿದ್ರು. ನಾನು ಡಿಟೆಕ್ಟರ್ ಪಕ್ಕ ಒಂದು ಥರ್ಮಾಮೀಟರ್ ಇಡಿ ಅಂದೆ ಅಷ್ಟೇ. ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಬಿಸಿ ಆದ್ರೆ ಅದರ ಗೇನ್ ಇಳಿಯುತ್ತೆ, ಸಿಗ್ನಲ್ ಚಿಕ್ಕದಾಗುತ್ತೆ, ಮಿತಿ ದಾಟೋ ಸಿಗ್ನಲ್ ಕಮ್ಮಿ ಆಗುತ್ತೆ. ಏಪ್ರಿಲ್ ಬಿಸಿಲಲ್ಲಿ ತಗಡು ಡಬ್ಬಿ ಒಳಗೆ ಏನಾಗುತ್ತೆ ಅಂತ ಹೇಳ್ಬೇಕಾಗಿಲ್ಲ. ಎರಡೂ ಗ್ರಾಫ್ ಒಂದರ ಕೆಳಗೊಂದು ಇಟ್ಟಾಗ ಸೂರ್ಯನ ಪುಟ ಅವರೇ ಹರಿದು ಹಾಕಿದ್ರು.

ಎರಡನ್ನೂ ಒಂದೇ ಏಟಿಗೆ ಬಗೆಹರಿಸಿದ್ದು ಒಬ್ಬ ಹುಡುಗನ ಅಪ್ಪನ ಪಕ್ಕದ ಜಮೀನಲ್ಲಿದ್ದ ಫೇಲಾದ ಬೋರ್‌ವೆಲ್. ನಮ್ಮ ಜಿಲ್ಲೇಲಿ ಸಾವಿರ ಅಡಿ ದಾಟಿ ಕೊರೆದೂ ನೀರು ಬರದ ಬೋರು ಊರೂರಲ್ಲಿವೆ, ಒಂದೊಂದರ ಹಿಂದೆಯೂ ಒಂದು ಸಾಲ ಇದೆ, ಅದನ್ನ ಹಗುರವಾಗಿ ಹೇಳೋಕೆ ಆಗಲ್ಲ. ಆದ್ರೆ ಫಿಸಿಕ್ಸ್ ಕಣ್ಣಲ್ಲಿ ನೋಡಿದ್ರೆ ಅದು ಆರೂವರೆ ಇಂಚಿನ ನೇರ ತೂತು, ಮೇಲೆ ಸಮತಟ್ಟು ನೆಲ, ಆಳ ಹಗ್ಗದಲ್ಲಿ ಅಡಿ ಲೆಕ್ಕದಲ್ಲಿ ಅಳೆಯಬಹುದು, ಎಷ್ಟು ಅಡಿ ಕೇಸಿಂಗ್ ಇಳಿಸಿದ್ರು ಅಂತ ರಿಗ್ಗಿನವರ ಬಿಲ್ಲಲ್ಲೇ ಇದೆ, ಅಂದ್ರೆ ಮೇಲಿನ ಮಣ್ಣು ಸಡಿಲ ಕಲ್ಲು ಎಷ್ಟು, ಗಟ್ಟಿ ಕಲ್ಲು ಎಲ್ಲಿಂದ ಅಂತ ಗೊತ್ತು. ಮತ್ತೆ ಕೆಳಗೆ ಕೆಲವು ಮೀಟರ್ ಹೋದ್ರೆ ಹಗಲು ರಾತ್ರಿ ಒಂದೇ ತಾಪಮಾನ! ಥರ್ಮಾಮೀಟರ್ ಗೆರೆ ನೇರ ಆಯ್ತು.

ಸುರಕ್ಷತೆ ಬಗ್ಗೆ ಒಂದು ಮಾತು ಜೋರಾಗಿ ಹೇಳ್ತೀನಿ. ತೆರೆದ ಬೋರ್‌ವೆಲ್ ಮಕ್ಕಳ ಜೀವ ತೆಗೆದಿರೋದು ನಮಗೆಲ್ಲಾ ಗೊತ್ತು, ಸುಪ್ರೀಂ ಕೋರ್ಟ್ 2010ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. ಇವರು ಕೇಸಿಂಗ್ ಬಾಯಿಗೆ ಬೋಲ್ಟ್ ಹಾಕಿದ ಕಬ್ಬಿಣದ ಮುಚ್ಚಳ ಮಾಡಿಸಿ, ಹಗ್ಗಕ್ಕೆ ಮಾತ್ರ ತೂತು ಬಿಟ್ಟು, ಸುತ್ತ ಬೇಲಿ ಹಾಕಿ, ರಾತ್ರಿ ಯಾರಾದ್ರೂ ದೊಡ್ಡವರು ಅಲ್ಲಿರೋ ಹಾಗೆ ನೋಡ್ಕೊಂಡ್ರು. ಮುಚ್ಚಳ ಬರೋವರೆಗೂ ಡಿಟೆಕ್ಟರ್ ಇಳಿಸಬಾರದು ಅಂತ ಮೇಡಂ ಹಟ ಹಿಡಿದಿದ್ದು ಸರಿ.

ಎರಡೂ ಡಿಟೆಕ್ಟರ್, ಆರ್ಡುಯಿನೋ, ಬ್ಯಾಟರಿ ಎಲ್ಲಾ ಒಂದು ಪಿವಿಸಿ ಪೈಪಲ್ಲಿ ತುಂಬಿ ಎರಡೂ ಕಡೆ ಮುಚ್ಚಿ ಇಳಿಸಿದ್ರು. ಉದ್ದ ಕೇಬಲ್ ಎಳೆದ್ರೆ ಚಿಕ್ಕ ಸಿಗ್ನಲ್ ಕೆಟ್ಟುಹೋಗುತ್ತೆ, ಅದಕ್ಕೆ ಡೇಟಾ ಕೆಳಗೇ ಕಾರ್ಡಿಗೆ ಬರೆಸಿದ್ರು. ಮೊದಲು ಕೆಲವು ಅಡಿ, ಆಮೇಲೆ ಇನ್ನಷ್ಟು, ಕೊನೆಗೆ 100 ಅಡಿ. ಆಳ ಹೋದಷ್ಟೂ ಕೌಂಟ್ ಬೀಳುತ್ತೆ, ಎಣಿಕೆಯ ಅನಿಶ್ಚಿತತೆ ಎಣಿಕೆಯ ವರ್ಗಮೂಲದಷ್ಟು ಇರೋದ್ರಿಂದ ಕೆಳಗೆ ಜಾಸ್ತಿ ದಿನ ಬಿಡಬೇಕು, ಮೇಲೆ ಒಂದು ರಾತ್ರಿ ಸಾಕಾದ್ರೆ ಕೆಳಗೆ ವಾರಗಟ್ಟಲೆ. ಇನ್ನೂ ಇಳಿಸೋಣ, 300 ಅಡಿ ಹೋಗೋಣ ಅಂತ ಆಸೆ ಇತ್ತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ರೆ ಅಷ್ಟು ಚಿಕ್ಕ ಪ್ಲಾಸ್ಟಿಕ್ಕಿಗೆ ಅಲ್ಲಿ ಸಿಗೋ ಮ್ಯೂವಾನ್‌ಗಿಂತ ಆಕಸ್ಮಿಕ ಜೋಡಿಗಳ ಲೆಕ್ಕದಲ್ಲಿರೋ ಅನುಮಾನವೇ ಮುಂದೆ ಬಂದುಬಿಡಬಹುದು ಅನ್ನಿಸ್ತು, 100ಕ್ಕೇ ನಿಲ್ಲಿಸಿದ್ರು. ಎಲ್ಲಿ ನಿಲ್ಲಿಸಬೇಕು ಅಂತ ಅಳತೆಗೆ ಮೊದಲೇ ಬರೆದಿಟ್ಕೊಂಡಿದ್ದು ಮೊದಲ ಪೋಸ್ಟರಿಂದ ಕಲಿತ ಪಾಠ, ಯಾವ ಭಾಗಕ್ಕೆ ಗೆರೆ ಎಳೀತೀವಿ ಅಂತಾನೂ ಮೊದಲೇ ಬರೆದು ಮೇಡಂ ಹತ್ರ ಸಹಿ ಹಾಕಿಸಿದ್ರು.

ಏನು ಸಿಕ್ತು ಅಂದ್ರೆ, 100 ಅಡಿ ಅಂದ್ರೆ ಮಣ್ಣು ಕಲ್ಲು ಸೇರಿ ದಾಟೋಕೆ ಬೇಕಾದ ಕನಿಷ್ಠ ಮಿತಿ ಸುಮಾರು 15 ಗಿಗಾ ಎಲೆಕ್ಟ್ರಾನ್‌ವೋಲ್ಟ್, ಅಲ್ಲಿ ಉಳಿದ ಮ್ಯೂವಾನ್ ಮೇಲಿನದರ ನೂರಕ್ಕೆ ಕೆಲವೇ ಕೆಲವು. ಗ್ರಾಫ್ ನೇರ ಗೆರೆ ಅಲ್ಲ, ಮೇಲೆ ನಿಧಾನ ಇಳಿದು ಕೆಳಗೆ ಹೋಗ್ತಾ ಕಡಿದಾಗೋ ಬಾಗು. ಇಳಿಜಾರು 2.7 ಎಲ್ಲೂ ಇಲ್ಲ, ಅದಕ್ಕಿಂತ ಕಮ್ಮಿ. ಹುಡುಗರ ಮುಖ ಸಪ್ಪೆ ಆಯ್ತು, ಮತ್ತೆ ಏನೋ ತಪ್ಪಿದೆ ಅಂದ್ಕೊಂಡ್ರು. ಆದ್ರೆ ಬರಬೇಕಾಗಿದ್ದೇ ಇದು. ಕಮ್ಮಿ ಎನರ್ಜಿಯ ಮ್ಯೂವಾನ್ ಗಾಳಿಯಲ್ಲೇ ಒಂದಷ್ಟು ಎನರ್ಜಿ ಕಳ್ಕೊಂಡಿರುತ್ತೆ, ಒಂದಷ್ಟು ದಾರೀಲೇ ಒಡೆದುಹೋಗಿರುತ್ತೆ, ಅದಕ್ಕೆ ಅಲ್ಲಿ ಸ್ಪೆಕ್ಟ್ರಮ್ ಚಪ್ಪಟೆ. ನೂರಾರು ಗಿಗಾ ದಾಟಿದ್ಮೇಲೆ ಪಯಾನ್ ಒಡೆಯೋಕೆ ಮುಂಚೆ ಮತ್ತೆ ಗಾಳಿಗೆ ಬಡಿಯೋದು ಜಾಸ್ತಿಯಾಗಿ ಮ್ಯೂವಾನ್ ಇಳಿಜಾರು ಮೂಲಕ್ಕಿಂತ ಒಂದು ಹೆಚ್ಚಾಗಿ 3.7 ಕಡೆ ಹೋಗುತ್ತೆ. ಅವರ ಬೋರು ಇರೋದು ಈ ಎರಡರ ನಡುವೆ. ಪ್ರಕಟವಾದ ಆಳ ಮತ್ತು ಮ್ಯೂವಾನ್ ಎಣಿಕೆಯ ಗೆರೆ ಮೇಲೆ ಇವರ ಚುಕ್ಕೆಗಳನ್ನ ಇಟ್ರೆ ಅನಿಶ್ಚಿತತೆಯೊಳಗೆ ಕೂತ್ಕೊಂಡ್ವು. ಮೊದಲ ಗ್ರಾಫಿನ ಸಂಖ್ಯೆ ಪುಸ್ತಕದ್ದು, ಅಳತೆ ಏನೂ ಇಲ್ಲ. ಎರಡನೇದರ ಸಂಖ್ಯೆ ಪುಸ್ತಕದ ಮೊದಲ ಪುಟದಲ್ಲಿಲ್ಲ, ಆದ್ರೆ ಅದು ಅಳತೆ.

ಮೂಲದ ಬಗ್ಗೆ ಇದರಿಂದ ಏನು ಹೇಳಬಹುದು ಅಂತ ಹುಡುಗರು ಬಹಳ ಜಾಗ್ರತೆಯಿಂದ ಬರೆದ್ರು, ಅದು ನನಗೆ ಹೆಮ್ಮೆ. ಒಂದು ಮ್ಯೂವಾನ್ ಹಿಂದಿರೋ ಮೂಲ ಕಣಕ್ಕೆ ಅದಕ್ಕಿಂತ ಸುಮಾರು ಹತ್ತು ಪಟ್ಟು ಎನರ್ಜಿ ಇರುತ್ತೆ, ಅಂದ್ರೆ ಬೋರಿನ ತಳದಲ್ಲಿ ಅವರು ನೋಡ್ತಿರೋದು ನೂರೈವತ್ತು ಗಿಗಾ ಆಸುಪಾಸಿನ ಪ್ರೋಟಾನುಗಳ ನೆರಳು. ದಕ್ಷಿಣ ಭಾರತದಲ್ಲಿ ಭೂಮಿಯ ಮ್ಯಾಗ್ನೆಟಿಕ್ ಫೀಲ್ಡ್ ಸುಮಾರು 17 ಗಿಗಾಗಿಂತ ಕಮ್ಮಿಯ ಪ್ರೋಟಾನನ್ನ ನೇರ ಮೇಲಿಂದ ಒಳಗೇ ಬಿಡಲ್ಲ, ಜಗತ್ತಲ್ಲೇ ಅತಿ ಎತ್ತರದ ತಡೆ ಇರೋ ಜಾಗಗಳಲ್ಲಿ ನಮ್ಮದೂ ಒಂದು, ಹಂಗಾಗಿ ಸೂರ್ಯನ ಏರುಪೇರು ಇಲ್ಲಿ ಕಮ್ಮಿ ಕಾಡುತ್ತೆ. ಆದ್ರೆ ಆ 'ನೀ' ಬಾಗು ಇರೋದು ಇವರ ಅಳತೆಗಿಂತ ಹತ್ತು ಸಾವಿರ ಪಟ್ಟಿಗೂ ಮೇಲೆ, ಅಲ್ಲಿ ಚದರ ಮೀಟರಿಗೆ ವರ್ಷಕ್ಕೆ ಒಂದು ಕಣ, 25 ಚದರ ಸೆಂಟಿಮೀಟರ್ ಪ್ಲಾಸ್ಟಿಕ್ ಹಿಡಿದು ಕಾಯೋಕಾಗಲ್ಲ. ಅದಕ್ಕೆ ಗ್ರೇಪ್ಸ್-3 ಥರ ಬೆಟ್ಟದ ಮೇಲೆ ನೂರಾರು ಡಿಟೆಕ್ಟರ್ ಹರಡಿ, ಕಣ ಗಾಳೀಲಿ ಎಬ್ಬಿಸೋ ಮಳೆಯನ್ನ ಒಟ್ಟಿಗೆ ಹಿಡೀಬೇಕು. ಹೊಸ ಪೋಸ್ಟರಿನ ತಲೆಬರಹ ಕೋಲಾರ ಜಿಲ್ಲೆಯ ಒಂದು ಕೊಳವೆಬಾವಿಯಲ್ಲಿ ಮ್ಯೂವಾನ್ ಎಣಿಕೆ ಅಂತ ಅಷ್ಟೇ ಇತ್ತು, ಅಡ್ಡ ಅಕ್ಷದಲ್ಲಿ ಎನರ್ಜಿ ಅಂತ ಬರೀದೆ ಅಡಿಯಲ್ಲಿ ಆಳ ಬರೆದು, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಲೆಕ್ಕ ಹಾಕಿದ ಮಿತಿ ಎನರ್ಜಿ ಕೊಟ್ಟಿದ್ರು. ಅಳೆದಿದ್ದು ಯಾವ್ದು, ಲೆಕ್ಕ ಹಾಕಿದ್ದು ಯಾವ್ದು ಅಂತ ನೋಡಿದವರಿಗೆ ತಕ್ಷಣ ಗೊತ್ತಾಗ್ತಿತ್ತು.

ಈಗ ಅದೇ ಪೈಪು ಮುಂದಿನ ಬ್ಯಾಚಿನ ಕೈಲಿದೆ. ಅವರು ಎರಡರ ಬದಲು ಮೂರು ಡಿಟೆಕ್ಟರ್ ಸೇರಿಸ್ತಿದ್ದಾರೆ, ಮೂರೂ ಒಟ್ಟಿಗೆ ಮಿಣುಕಿದ್ರೆ ಮಾತ್ರ ಎಣಿಕೆ, ಆಗ ಆಕಸ್ಮಿಕ ಜೋಡಿಗಳು ಬಹುತೇಕ ಹೋಗಿ 200 ಅಡಿವರೆಗೆ ಇಳಿಸಬಹುದು ಅನ್ನೋ ಲೆಕ್ಕ. ಬೋರ್ ಕೊರೆದಾಗ ಬಂದ ಕಲ್ಲಿನ ಪುಡಿ ಇನ್ನೂ ಜಮೀನಿನ ಬದುವಲ್ಲೇ ಬಿದ್ದಿದೆ, ಅದನ್ನ ತಂದು ನೀರಲ್ಲಿ ಮುಳುಗಿಸಿ ಸಾಂದ್ರತೆ ಅಳೀತಿದ್ದಾರೆ. ಮೊದಲ ಬ್ಯಾಚು ಗ್ರಾನೈಟಿನ ಸಾಂದ್ರತೆಗೆ ಪುಸ್ತಕದ 2.65 (ಘನ ಸೆಂಟಿಮೀಟರಿಗೆ ಗ್ರಾಂ) ಹಾಕಿತ್ತು. ಚಿನ್ನದ ಗಣಿ ಇರೋ ಪಟ್ಟಿಯ ಕಲ್ಲು 3 ದಾಟುತ್ತೆ, ಈ ಜಮೀನು ಯಾವ ಪಟ್ಟೀಲಿದೆ ಅನ್ನೋದರ ಮೇಲೆ ಮಿತಿ ಎನರ್ಜಿಯ ಲೆಕ್ಕದಲ್ಲಿ ಎಲ್ಲಾ ಚುಕ್ಕೆಗಳೂ ಸ್ವಲ್ಪ ಬಲಕ್ಕೆ ಸರೀಬಹುದು.